ಟ್ರಯಲ್‌ಗೆ ಜೋಡಿಗಳನ್ನು ಒಪ್ಪಿಸಿದ್ದು: ನನ್ನ ಅನುಭವ

"ಏನೂ ಮಾಡದ ಗುಂಪಿಗೆ ಯಾರು ಬರ್ತಾರೆ ಸಿಸ್ಟರ್? ಸುಮ್ನೆ ಟೈಮ್ ಹಾಳು" ಅಂತ ನಮ್ಮ ಸೀನಿಯರ್ ಡಾಕ್ಟರೇ ಅಂದಿದ್ದರು. 2017ರ ಮಾತು. ಬೆಂಗಳೂರಿನ ಒಂದು ಐವಿಎಫ್ ಸೆಂಟರ್‌ನಲ್ಲಿ ಸ್ಕ್ರ್ಯಾಚಿಂಗ್ ಟ್ರಯಲ್. ಅಂದರೆ ಐವಿಎಫ್‌ಗೆ ಮುಂಚೆ ಗರ್ಭಕೋಶದ ಒಳಪದರವನ್ನು ಸ್ವಲ್ಪ ಕೆರೆದರೆ ಗರ್ಭ ನಿಲ್ಲಲು ಸಹಾಯ ಆಗುತ್ತಾ ಅಂತ ನೋಡುವ ಅಧ್ಯಯನ. ಐವಿಎಫ್ ಎಲ್ಲರಿಗೂ ಇರುತ್ತೆ, ಆದರೆ ಒಂದು ಗುಂಪಿಗೆ ಕೆರೆಯುತ್ತಾರೆ, ಇನ್ನೊಂದು ಗುಂಪಿಗೆ ಇಲ್ಲ. ನಾನು ಕೋಆರ್ಡಿನೇಟರ್.

ಮೊದಲ ನಾಲ್ಕು ತಿಂಗಳು ಅವರ ಮಾತೇ ನಿಜವಾಯಿತು. ಸುಮಾರು ನಲವತ್ತು ಜೋಡಿಗಳನ್ನು ಕೇಳಿದೆ, ಸೇರಿದ್ದು ಐದು. ಅದರಲ್ಲೂ ಇಬ್ಬರು ನಡುವೆಯೇ ಬಿಟ್ಟರು. ತಪ್ಪು ನನ್ನದೇ. ಒಂದೂವರೆ ಲಕ್ಷದ ಎಸ್ಟಿಮೇಟ್ ಕೈಗೆ ಬಂದ ಹತ್ತೇ ನಿಮಿಷಕ್ಕೆ ಹನ್ನೊಂದು ಪುಟದ ಒಪ್ಪಿಗೆ ಪತ್ರ ಹಿಡಿಯುತ್ತಿದ್ದೆ. ಅದರಲ್ಲಿ 'ಯಾದೃಚ್ಛಿಕ ಹಂಚಿಕೆ' ಅಂತ ಬರೆದಿತ್ತು. ತಿಪಟೂರಿನ ಹೆಣ್ಣುಮಗಳೊಬ್ಬಳು "ಇದು ಯಾವ ಆಪರೇಷನ್ನು?" ಅಂತ ಗಾಬರಿಯಿಂದ ಕೇಳಿದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪತ್ರವನ್ನು ನಾನೇ ಹೊಸದಾಗಿ ಬರೆದೆ. ಎಥಿಕ್ಸ್ ಕಮಿಟಿ ಎರಡು ಸಲ ವಾಪಸ್ ಕಳಿಸಿತು, ಒಂದೂವರೆ ತಿಂಗಳು ಹೋಯಿತು. ಕೊನೆಗೆ ಉಳಿದದ್ದು ಇಷ್ಟು: "ಚೀಟಿ ಎತ್ತಿದ ಹಾಗೆ. ನಿಮಗೆ ಯಾವುದು ಅಂತ ಡಾಕ್ಟರೂ ಆರಿಸೋದಿಲ್ಲ, ನಾನೂ ಆರಿಸೋದಿಲ್ಲ. ಯಾವುದು ಮೇಲು ಅಂತ ಗೊತ್ತಿದ್ದರೆ ಚೀಟಿಯೇ ಬೇಕಿರಲಿಲ್ಲ." ಎಸ್ಟಿಮೇಟ್ ದಿನ ಟ್ರಯಲ್ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮುಂದಿನ ಸಲ ಬಂದಾಗ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಅರ್ಧ ಗಂಟೆ ಮಾತು.  

ದುಡ್ಡಿನದು ಬೇರೆ ಕಥೆ. ಬಸ್ ಚಾರ್ಜಿಗೆ ಅಂತ ಐನೂರು ಇತ್ತು, ಆದರೆ ಟ್ರಯಲ್ ಮುಗಿದ ಮೇಲೆ ಚೆಕ್‌ನಲ್ಲಿ. ಹಾಸನದಿಂದ ಬರುವವರಿಗೆ ಬಸ್ ಖರ್ಚಿನ ಜೊತೆ ಗಂಡನ ಒಂದು ದಿನದ ಕೂಲಿಯೂ ಹೋಗುತ್ತೆ. ಅವತ್ತೇ ವೋಚರ್ ಹಾಕಿ ನಗದು ಕೊಡೋದು ಶುರು ಮಾಡಿದೆ. ಅಕೌಂಟ್ಸ್‌ನವರು ತಡ ಮಾಡಿದಾಗ ಮೂರು ನಾಲ್ಕು ಸಾವಿರ ನನ್ನ ಕೈಯಿಂದಲೇ ಹಾಕಿದ್ದುಂಟು. ಮೊತ್ತ ಜಾಸ್ತಿ ಮಾಡಲಿಲ್ಲ, ದುಡ್ಡಿನ ಆಸೆಗೆ ಯಾರೂ ಸೇರಬಾರದು.

ನಡುವೆ ಇನ್ನೊಂದು ಪ್ರಯತ್ನ ಮಾಡಿ ಕೈ ಸುಟ್ಟುಕೊಂಡೆ. ಸ್ಕ್ಯಾನ್ ದಿನ ನೆನಪಿಸಲು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದೆ. ಒಬ್ಬರ ಮನೆಯಲ್ಲಿ ಅದನ್ನು ಅತ್ತೆಯ ಎದುರಿಗೇ ಹಾಕಿಬಿಟ್ಟರು. ಐವಿಎಫ್ ವಿಷಯ ಅತ್ತೆಗೆ ಗೊತ್ತೇ ಇರಲಿಲ್ಲ. ಆ ಸೊಸೆ ಫೋನಿನಲ್ಲಿ ಅತ್ತದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಬರೀ "ನಾಳೆ ಏಳೂವರೆಗೆ ಬನ್ನಿ". ಆಸ್ಪತ್ರೆ ಹೆಸರೂ ಇಲ್ಲ.

ಎಲ್ಲಕ್ಕಿಂತ ಕಷ್ಟ ಅಂದ್ರೆ, ನಾಲ್ಕೈದು ಸಾವಿರ ಕೊಟ್ಟರೆ ಬೇರೆ ಕಡೆ ಚೀಟಿ ಇಲ್ಲದೇ ಸ್ಕ್ರ್ಯಾಚಿಂಗ್ ಮಾಡುತ್ತಿದ್ದರು. "ಹೌದು, ಅಲ್ಲಿ ಸಿಗುತ್ತೆ. ನೋವಿರುತ್ತೆ. ಉಪಯೋಗ ಇದೆಯೋ ಇಲ್ಲವೋ ಯಾರಿಗೂ ಖಾತ್ರಿ ಇಲ್ಲ" ಅಂತ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದೆ. ಆಮೇಲೆ ಕೇಳಿದ ಅರವತ್ತು ಜೋಡಿಗಳಲ್ಲಿ ನಲವತ್ತರ ಹತ್ತಿರ ಸೇರಿದರು. ಬಿಟ್ಟವರು ಇಬ್ಬರೇ. ಬೀಟಾ, ಅಂದರೆ ಗರ್ಭ ನಿಂತಿದೆಯಾ ಅಂತ ನೋಡುವ ರಕ್ತ ಪರೀಕ್ಷೆ, ನೆಗೆಟಿವ್ ಬಂದರೆ ರಿಪೋರ್ಟ್ ಕೈಗೆ ಸಿಗುವ ಮುಂಚೆ ನಾನೇ ಫೋನ್ ಮಾಡುತ್ತಿದ್ದೆ. ಜನ ಉಳಿದದ್ದು ಅದರಿಂದಲೇ ಅಂತ ನನಗೆ ಖಾತ್ರಿ. ಆ ಸೀನಿಯರ್ ಡಾಕ್ಟರ್ ಈಗ ಹೊಸ ಕೋಆರ್ಡಿನೇಟರ್‌ಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

2019ರಲ್ಲಿ ನ್ಯೂಜಿಲೆಂಡ್‌ನವರು ಮುಂದಾಗಿ ನಡೆಸಿದ ದೊಡ್ಡ ಟ್ರಯಲ್‌ನ ಫಲಿತಾಂಶ ಬಂತು. 1364 ಹೆಂಗಸರು. ಮಗು ಹುಟ್ಟಿದ್ದು ಎರಡೂ ಗುಂಪಿನಲ್ಲಿ ಶೇ. 26.1. ಸ್ಕ್ರ್ಯಾಚಿಂಗ್ ಆಗದಿದ್ದ ನಮ್ಮವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮಗು ಆಗದಿದ್ದ ಒಬ್ಬಳು, "ಹಾಗಾದ್ರೆ ಆ ಚೀಟಿಯಿಂದ ನಾನೇನೂ ಕಳ್ಕೊಳ್ಳಲಿಲ್ಲ ಅಲ್ವಾ ಸಿಸ್ಟರ್?" ಅಂತ ಮೂರು ಸಲ ಕೇಳಿದಳು. ಮೂರು ಸಲವೂ "ಇಲ್ಲಮ್ಮ" ಅಂದೆ.