ಕಂಪ್ಯೂಟರ್‌ನಿಂದ ಸ್ಟೀರಿಯೊಗೆ ಯಾವ ಕೇಬಲ್? ಮೊದಲು ತೂತು ನೋಡಿ

ಕೇಬಲ್ ಕೊಳ್ಳುವ ಮುಂಚೆ ಸ್ಟೀರಿಯೊವನ್ನು ಗೋಡೆಯಿಂದ ಸ್ವಲ್ಪ ಈಚೆಗೆ ಎಳೆಯಿರಿ. ಧೂಳು ಒರೆಸಿ, ಟಾರ್ಚ್ ಬೆಳಕು ಬಿಟ್ಟು ಅದರ ಬೆನ್ನು ನೋಡಿ. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಅಲ್ಲಿ ಯಾವ ತೂತಿದೆ, ಅದರ ಮೇಲೆ ಏನು ಬರೆದಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಚ್ಚಿನ ಸ್ಟೀರಿಯೊಗಳಲ್ಲಿ ಕೆಂಪು, ಬಿಳಿ ಬಣ್ಣದ ದುಂಡು ತೂತುಗಳ ಜೋಡಿ ಇರುತ್ತದೆ. ಇವೇ ಆರ್‌ಸಿಎ ಸಾಕೆಟ್. ಕೆಂಪು ಬಲಗಡೆಯ ಸ್ಪೀಕರಿಗೆ, ಬಿಳಿ ಎಡಗಡೆಗೆ. ಕೆಲವದರಲ್ಲಿ ಬಿಳಿಯ ಬದಲು ಕಪ್ಪು ಇರುತ್ತದೆ, ಅದೂ ಎಡಗಡೆಯೇ. ಮೇಲೆ ಆಕ್ಸ್, ಲೈನ್ ಇನ್, ಸಿಡಿ ಅಂತ ಏನೇ ಬರೆದಿದ್ದರೂ ಚಿಂತೆಯಿಲ್ಲ, ಯಾವುದಕ್ಕಾದರೂ ಹಾಕಬಹುದು. ಟೇಪ್ ಅಂತಿದ್ದರೆ ಮಾತ್ರ ‘ಇನ್’ ಅಥವಾ ‘ಪ್ಲೇ’ ಜೋಡಿಯನ್ನು ಹುಡುಕಿ. ‘ಔಟ್’ಗೆ ಚುಚ್ಚಿದರೆ ಎಷ್ಟು ಕಾದರೂ ಸದ್ದು ಬರುವುದಿಲ್ಲ.

‘ಫೋನೊ’ ಅಂತ ಬರೆದ ಜೋಡಿಯನ್ನು ಮುಟ್ಟಲೇ ಬೇಡಿ. ನಾನು ಮುಟ್ಟಿದ್ದೆ. ಹಾಡು ಒಡೆದ ತಗಡು ಬಡಿದ ಹಾಗೆ ಕೇಳಿತು. ಕೇಬಲ್ಲೇ ಕೆಟ್ಟಿದೆ ಅಂದುಕೊಂಡು ಇನ್ನೊಂದು ತಂದು ಹಾಕಿದೆ, ಅದೂ ಹಾಗೇ ಕಿರುಚಿತು! ಆಮೇಲೆ ಗೊತ್ತಾಯಿತು, ಆ ತೂತು ಗ್ರಾಮಫೋನ್ ಪ್ಲೇಯರಿಗೆ ಮೀಸಲು. ಅದರ ಸೂಜಿಯಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಕೆಲವೇ ಮಿಲಿವೋಲ್ಟ್. ಹಾಗಾಗಿ ಸ್ಟೀರಿಯೊ ಅದನ್ನು ನೂರು ಪಟ್ಟಿನಷ್ಟು ಹಿಗ್ಗಿಸುತ್ತದೆ, ಜೊತೆಗೆ ಬೇಸ್ ಏರಿಸಿ ಟ್ರೆಬಲ್ ಇಳಿಸುತ್ತದೆ. ಕಂಪ್ಯೂಟರ್ ಕೊಡುವ ಸಿಗ್ನಲ್ ಮೊದಲೇ ದೊಡ್ಡದು. ಅದನ್ನೂ ಹಿಗ್ಗಿಸಿದರೆ ಏನಾಗಬೇಕೋ ಅದೇ ಆಯಿತು.

ಇನ್ನು ಕಂಪ್ಯೂಟರ್ ಕಡೆ. ಲ್ಯಾಪ್‌ಟಾಪ್ ಆದರೆ ಹೆಡ್‌ಫೋನ್ ತೂತು ಸಾಕು, ಅದು 3.5 ಮಿ.ಮೀ. ಅಳತೆಯದು. ಡೆಸ್ಕ್‌ಟಾಪ್ ಆದರೆ ಸಾಮಾನ್ಯವಾಗಿ ಹಿಂದೆ ಬಣ್ಣದ ತೂತುಗಳಿರುತ್ತವೆ. ತಿಳಿ ಹಸಿರು ನಿಮಗೆ ಬೇಕಾದದ್ದು. ಗುಲಾಬಿ ಮೈಕಿಗೆ, ತಿಳಿ ನೀಲಿ ಹೊರಗಿನ ಸದ್ದು ಒಳಗೆ ಬರಲಿಕ್ಕೆ.

ಹಾಗಾಗಿ ಹೆಚ್ಚಿನವರಿಗೆ ಬೇಕಾಗುವ ಕೇಬಲ್ ಇಷ್ಟೇ: ಒಂದು ತುದಿಯಲ್ಲಿ 3.5 ಮಿ.ಮೀ. ಸ್ಟೀರಿಯೊ ಪಿನ್, ಇನ್ನೊಂದು ತುದಿಯಲ್ಲಿ ಕೆಂಪು-ಬಿಳಿ ಆರ್‌ಸಿಎ ಪಿನ್ನುಗಳು. ಸ್ಟೀರಿಯೊದಲ್ಲೂ 3.5ರ ಆಕ್ಸ್ ತೂತೇ ಇದ್ದರೆ ಎರಡೂ ತುದಿಯಲ್ಲಿ ಒಂದೇ ಥರದ ಪಿನ್ ಇರುವ ಆಕ್ಸ್ ಕೇಬಲ್ ತಗೊಳ್ಳಿ.

ಪಿನ್ನನ್ನು ಒಮ್ಮೆ ಕಣ್ಣ ಹತ್ತಿರ ಹಿಡಿದು ನೋಡಿ. ಲೋಹದ ಮೇಲೆ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ, ಅಲ್ವಾ? ಎರಡು ಗೆರೆ ಇದ್ದರೆ ಸರಿ. ಅಂದರೆ ಲೋಹ ಮೂರು ಭಾಗವಾಗಿದೆ: ತುದಿ ಎಡಕ್ಕೆ, ನಡುವಿನದು ಬಲಕ್ಕೆ, ಬುಡ ಗ್ರೌಂಡಿಗೆ, ಅಂದರೆ ಎರಡಕ್ಕೂ ಸೇರಿದ ವಾಪಸ್ ದಾರಿಗೆ. ಒಂದೇ ಗೆರೆ ಇದ್ದರೆ ಅದು ಮೊನೊ, ಅಂದರೆ ಎಡ-ಬಲ ಬೇರೆ ಇಲ್ಲದ್ದು, ಬೇಡ. ಮೂರು ಗೆರೆ ಇದ್ದರೆ ಮೈಕ್ ಅಥವಾ ವಿಡಿಯೊಗೂ ಸೇರಿಸಿ ಮಾಡಿದ್ದು. ಹಳೆಯ ಕ್ಯಾಮೆರಾ ಜೊತೆ ಬಂದ ಹಳದಿ-ಕೆಂಪು-ಬಿಳಿ ವೈರ್ ಮನೆಯಲ್ಲಿ ಸುಮ್ನೆ ಬಿದ್ದಿದೆ ಅಂತ ಅದನ್ನೇ ಹಾಕಲು ಹೋದರೆ ಒಂದು ಕಡೆ ಸದ್ದು ಬಂದು ಇನ್ನೊಂದು ಕಡೆ ಬರದೇ ಇರಬಹುದು.

ಬೆಲೆ ಜಾಸ್ತಿ ಇದ್ದರೆ ಸದ್ದೂ ಚೆನ್ನಾಗಿರುತ್ತದೆ ಅನ್ನುವುದನ್ನು ನಂಬಬೇಡಿ. ಚಿನ್ನದ ಲೇಪನಕ್ಕೆ ತುಕ್ಕು ಹಿಡಿಯುವುದಿಲ್ಲ, ಅಷ್ಟೇ. ನಾನಾದರೆ ನೋಡುವುದು ಪಿನ್ನಿನ ಬುಡವನ್ನು, ಯಾಕಂದ್ರೆ ವೈರ್ ಮುರಿಯುವುದು ಅಲ್ಲೇ. ಅಲ್ಲಿ ರಬ್ಬರ್ ಹಿಡಿತ ಗಟ್ಟಿಯಾಗಿರಲಿ. ಉದ್ದ ಬೇಕಾದಷ್ಟೇ ಇರಲಿ, ಒಂದರ್ಧ ಮೀಟರ್ ಸಡಿಲ ಬಿಟ್ಟರೆ ಸಾಕು.

ಜೋಡಿಸುವಾಗ ಸ್ಟೀರಿಯೊ ವಾಲ್ಯೂಮ್ ಪೂರ್ತಿ ಇಳಿಸಿ, ಇಲ್ಲದಿದ್ದರೆ ಪಿನ್ ಚುಚ್ಚುವಾಗ ಸ್ಪೀಕರ್ ಢಬ್ ಅನ್ನುತ್ತದೆ. ಕಂಪ್ಯೂಟರ್ ವಾಲ್ಯೂಮ್ ಶೇ 80ರ ಆಸುಪಾಸು ಇಟ್ಟು ಏರಿಳಿತವನ್ನೆಲ್ಲ ಸ್ಟೀರಿಯೊದಲ್ಲೇ ಮಾಡಿ. ಸ್ಪೀಕರ್ ವೈರ್ ಸಿಕ್ಕಿಸುವ ಟರ್ಮಿನಲ್‌ಗಳಿಗೆ ಮಾತ್ರ ಕಂಪ್ಯೂಟರಿನ ಕೇಬಲ್ ತಾಗಿಸಲೇಬಾರದು, ಕಂಪ್ಯೂಟರ್ ಸುಟ್ಟುಹೋಗಬಹುದು.

ಎಲ್ಲ ಸರಿಯಿದ್ದೂ ಹಿಂದಿನಿಂದ ಗುಂಯ್ ಅನ್ನುವ ಸದ್ದು ಬರುತ್ತಿದೆಯೇ? ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡೂ ಯಂತ್ರಗಳ ಅರ್ಥಿಂಗ್ ಮತ್ತು ಕೇಬಲ್ ಸೇರಿ ಆದ ಸುತ್ತಿನಲ್ಲಿ ಹರಿಯುವ ಬೇಡದ ಕರೆಂಟ್. ಎರಡೂ ಯಂತ್ರಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಎಷ್ಟೋ ಸಲ ಹೋಗುತ್ತದೆ. ಹೋಗದಿದ್ದರೆ ಕೇಬಲ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನುವ ಸಣ್ಣ ಡಬ್ಬಿ ಹಾಕಿ. ಸದ್ದು ತಡೆಯಲು ಅರ್ಥಿಂಗ್ ಪಿನ್ ಕಿತ್ತುಹಾಕುವವರಿದ್ದಾರೆ. ಅದು ಪ್ರಾಣಕ್ಕೆ ಕುತ್ತು.

ಎರಡೂ ಕಡೆ ಆಪ್ಟಿಕಲ್ ತೂತಿದ್ದರಂತೂ ಈ ರಗಳೆಯೇ ಇಲ್ಲ. 1983ರಲ್ಲಿ ತೋಷಿಬಾ ತಂದ, ಟಾಸ್‌ಲಿಂಕ್ ಅನ್ನುವ ಈ ಆಪ್ಟಿಕಲ್ ಕೇಬಲ್‌ನಲ್ಲಿ ಹರಿಯುವುದು ಕರೆಂಟಲ್ಲ, ಕೆಂಪು ಬೆಳಕು. ತಾಮ್ರವೇ ಇಲ್ಲದ ಮೇಲೆ ಗುಂಯ್ ಎಲ್ಲಿಂದ ಬರಬೇಕು? ಚೂಪಾಗಿ ಮಡಚಬೇಡಿ, ಒಳಗಿನ ಎಳೆ ಮುರಿಯುತ್ತದೆ. ಹೊಸ ಕೇಬಲ್ ಹಾಕಿದ ಮೇಲೂ ಸದ್ದು ಬರದಿದ್ದರೆ ಅಂಗಡಿಗೆ ವಾಪಸ್ ಓಡುವ ಮುಂಚೆ ತುದಿ ನೋಡಿ, ಅದರ ಪುಟ್ಟ ಪ್ಲಾಸ್ಟಿಕ್ ಟೋಪಿ ಇನ್ನೂ ಅಲ್ಲೇ ಇರಬಹುದು.