ಟೊರಾಂಟೊ ಚಳಿಯಿಂದ ರಾಯಚೂರು ಬಿಸಿಲಿಗೆ: ನಾನು ಏನು ಹಾಕಿಕೊಂಡು ಹೊರಡುತ್ತೇನೆ

ಡಿಸೆಂಬರ್ ಬಂತೆಂದರೆ ನನಗೆ ಒಂದೇ ತರಹದ ಫೋನುಗಳು. ಸಿಂಧನೂರು, ಮಾನ್ವಿ, ಲಿಂಗಸೂಗೂರು ಕಡೆಯಿಂದ ಕೆನಡಾಕ್ಕೆ ಓದಲು ಬಂದ ಮಕ್ಕಳು ಮೊದಲ ಸಲ ಊರಿಗೆ ಹೊರಟಿರುತ್ತಾರೆ. "ಅಕ್ಕಾ, ಇಲ್ಲಿ ಹೊರಗ ಮೈನಸ್ ಹದಿನೈದು ಐತಿ. ಅಲ್ಲಿ ಇಳಿದ್ರ ಬಿಸಲು. ಏನ್ ಹಾಕ್ಕೊಂಡು ಹೋಗ್ಬೇಕ್ರಿ?" ನಾನು ಹಲವು ವರ್ಷಗಳಿಂದ ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಟೊರಾಂಟೊದಿಂದ ರಾಯಚೂರಿಗೆ ಬರುತ್ತಿದ್ದೇನೆ. ಕೆಲವು ಸಲ ಒಬ್ಬಳೇ, ಕೆಲವು ಸಲ ಮಗಳ ಜೊತೆ, ಕೆಲವು ಸಲ ಅವ್ವನನ್ನೂ ಕರೆದುಕೊಂಡು. ಫೋನಿನಲ್ಲಿ ಎಲ್ಲವನ್ನೂ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರಿಗೂ ಮೊದಲು ಹೇಳುವ ಮಾತು ಇದು: ಹೊರಡುವ ದಿನ ನೀವು ನಿಜವಾದ ಚಳಿಯಲ್ಲಿ ಎಷ್ಟು ಹೊತ್ತು ಇರುತ್ತೀರಿ, ಲೆಕ್ಕ ಹಾಕಿ. ಮನೆ ಬಾಗಿಲಿನಿಂದ ಕಾರಿಗೆ, ಕಾರಿನಿಂದ ಟರ್ಮಿನಲ್ ಬಾಗಿಲಿಗೆ. ಎಲ್ಲ ಸೇರಿಸಿದರೂ ಕೆಲವೇ ನಿಮಿಷ. ಆಮೇಲೆ ಟೊರಾಂಟೊದಿಂದ ದುಬೈಗೆ ಸುಮಾರು 13 ಗಂಟೆ, ದುಬೈನಿಂದ ಹೈದರಾಬಾದಿಗೆ ಮೂರೂವರೆ ಗಂಟೆ, ನಡುವೆ ಕಾಯುವ ಹೊತ್ತು ಬೇರೆ, ಕೊನೆಗೆ ರಾಯಚೂರಿನ ರಸ್ತೆ. ಆ ಕೆಲವು ನಿಮಿಷಕ್ಕಾಗಿ ಮೈತುಂಬ ದಪ್ಪ ಬಟ್ಟೆ ಹಾಕಿಕೊಂಡು, ಇಡೀ ದಿನ ಅದರಲ್ಲಿ ಬೆವರುವುದು ಬೇಡ. ಬಟ್ಟೆ ಆರಿಸಬೇಕಾದದ್ದು ವಿಮಾನಕ್ಕೆ ಮತ್ತು ಇಳಿಯುವ ಊರಿಗೆ. ಚಳಿಗೆ ಬೇಕಾದದ್ದು ಮೇಲಿನಿಂದ ಹಾಕಿಕೊಳ್ಳುವಂತಿರಬೇಕು, ಕೂತಲ್ಲೇ ಕಳಚಲು ಬರಬೇಕು.

ಇಲ್ಲಿ ಒಂದು ವಿಷಯಕ್ಕೆ ಬಹಳ ಜನ ಗಮನ ಕೊಡುವುದಿಲ್ಲ. ಚಳಿ ದೇಶದಲ್ಲಿ ಎಲ್ಲರೂ ಕಲಿಸುವುದು, ಮೈಗೆ ಅಂಟಿಕೊಂಡು ಥರ್ಮಲ್, ಅಂದರೆ ಬೆಚ್ಚಗಿನ ಒಳಉಡುಪು, ಅದರ ಮೇಲೆ ಉಳಿದದ್ದು ಅಂತ. ಹಿಮದಲ್ಲಿ ನಿಂತು ಕೆಲಸ ಮಾಡುವವರಿಗೆ ಅದೇ ಸರಿ. ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆಯಾದರೆ ಮೈ ತಣ್ಣಗಾಗುತ್ತದೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗೇ ಇರುತ್ತದೆ. ಆದರೆ ವಿಮಾನ ಪ್ರಯಾಣಕ್ಕೆ ನಾನು ಈ ಕ್ರಮವನ್ನೇ ತಿರುಗಿಸುತ್ತೇನೆ. ಮೈಗೆ ತಾಗಿಕೊಂಡು ತೆಳು ಹತ್ತಿಯ ಸಡಿಲ ಕುರ್ತಾ. ಹೈದರಾಬಾದಿನಲ್ಲಿ ಇಳಿಯುವಾಗ ಮೈಮೇಲೆ ಉಳಿಯುವುದು ಅದೊಂದೇ. ಅದರ ಮೇಲೆ ತೆಳ್ಳನೆಯ ಉಣ್ಣೆಯ ಸ್ವೆಟರ್. ಅದರ ಮೇಲೆ ಮಡಚಿದರೆ ಅಂಗೈಯಗಲ ಚೀಲದಲ್ಲಿ ಕೂರುವ, ಹಕ್ಕಿಯ ಮೃದು ಪುಕ್ಕ ತುಂಬಿದ ಡೌನ್ ಜಾಕೆಟ್. ಥರ್ಮಲ್ ಒಳಗಿದ್ದರೆ ಅದನ್ನು ತೆಗೆಯಲು ಪೂರ್ತಿ ಬಟ್ಟೆ ಬಿಚ್ಚಬೇಕು, ಅಲ್ವಾ? ಬೆಚ್ಚಗಿನದು ಹೊರಗಿದ್ದರೆ ಸೀಟಿನಲ್ಲಿ ಕೂತೇ ತೆಗೆದು ಪಕ್ಕಕ್ಕೆ ಇಡಬಹುದು.

ಸ್ವೆಟರ್ ಮುಂದೆ ಗುಂಡಿಯೋ ಜಿಪ್ಪೋ ಇರುವಂಥದ್ದೇ ಬೇಕು. ತಲೆಯ ಮೇಲಿಂದ ಎಳೆದು ತೆಗೆಯುವುದಾದರೆ ಪಕ್ಕದವರ ಮುಖಕ್ಕೆ ಮೊಣಕೈ ತಾಗುತ್ತದೆ. ಡೌನ್ ಜಾಕೆಟಿಗೆ ದುಡ್ಡು ಜಾಸ್ತಿ. ಆದರೂ ಅದನ್ನೇ ಕೊಳ್ಳಿ ಎನ್ನುತ್ತೇನೆ. ಉಣ್ಣೆಯ ಉದ್ದ ಕೋಟು ನೋಡಲು ಚೆಂದ, ಆದರೆ ಭಾರ. ಮಡಚಲು ಬರುವುದಿಲ್ಲ, ತಲೆಯ ಮೇಲಿನ ಕಪಾಟಿನಲ್ಲಿ ಅರ್ಧ ಜಾಗ ತಿನ್ನುತ್ತದೆ. ಡೌನ್ ಜಾಕೆಟ್ ಅದರದ್ದೇ ಚೀಲದಲ್ಲಿ ತುರುಕಿದರೆ ತಲೆದಿಂಬು ಆಗುತ್ತದೆ. ಗಲ್ಫ್ ಕಡೆಯ ವಿಮಾನಗಳಲ್ಲಿ ಇಕಾನಮಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ. ಮೈಮೇಲಿನ ಬಟ್ಟೆಯನ್ನು ಯಾರೂ ತೂಗುವುದಿಲ್ಲ. ಹಾಗಾಗಿ ಚೆಕ್-ಇನ್ ಆಗುವವರೆಗೆ ಜಾಕೆಟ್ ನನ್ನ ಮೈಮೇಲೆಯೇ ಇರುತ್ತದೆ. ಸೆಕ್ಯೂರಿಟಿಯಲ್ಲಿ ಹೇಗೂ ಅದನ್ನು ತೆಗೆದು ಟ್ರೇಯಲ್ಲಿ ಹಾಕಬೇಕು. ಅದಾದ ಮೇಲೆ ನಾನು ಮತ್ತೆ ಹಾಕಿಕೊಳ್ಳುವುದಿಲ್ಲ.

ಮನೆಯವರು ಕಾರಿನಲ್ಲಿ ಬಿಡುವುದಾದರೆ ಇನ್ನೂ ಸುಲಭ. ಹಿಮದ ಬೂಟು, ದಪ್ಪ ಕೋಟು ಹಾಕಿಕೊಂಡು ಕಾರು ಹತ್ತಿ, ಕಾರಿನಲ್ಲೇ ಶೂ ಬದಲಿಸಿ, ಬೂಟು ಕೋಟು ಎರಡನ್ನೂ ಅವರ ಕೈಯಲ್ಲೇ ವಾಪಸ್ ಕಳಿಸಿ. ಆಗಲೂ ತೆಳು ಜಾಕೆಟ್ ಒಂದು ಕೈಯಲ್ಲಿರಲಿ. ಚಳಿಗಾಲದಲ್ಲಿ ವಿಮಾನದ ರೆಕ್ಕೆಯ ಮೇಲಿನ ಮಂಜುಗಡ್ಡೆ ತೆಗೆಯಲು ದ್ರಾವಣ ಸಿಂಪಡಿಸುತ್ತಾರೆ, ಅದಕ್ಕೆ ಸರದಿ ಇರುತ್ತದೆ, ವಿಮಾನ ತಡವಾಗುತ್ತದೆ. ಒಮ್ಮೊಮ್ಮೆ ವಿಮಾನವೇ ರದ್ದಾಗಿ ಹೋಟೆಲಿಗೆ ಹೋಗಬೇಕಾಗುತ್ತದೆ. ಯೂರೋಪಿನ ಮೂಲಕ ಬರುವವರಿಗೆ ಇನ್ನೊಂದು ಮಾತು. ಫ್ರಾಂಕ್‌ಫರ್ಟ್‌ನಂಥ ಕಡೆ ಕೆಲವು ಸಲ ಬಸ್ಸಿನಲ್ಲಿ ಕರೆದೊಯ್ದು ಬಯಲಲ್ಲಿ ನಿಂತ ವಿಮಾನದ ಮೆಟ್ಟಿಲು ಹತ್ತಿಸುತ್ತಾರೆ. ಜನವರಿಯಲ್ಲಿ ಅಲ್ಲಿ ಬರೀ ಕುರ್ತಾದಲ್ಲಿ ನಿಲ್ಲಲು ಆಗುವುದಿಲ್ಲ. ದುಬೈ, ದೋಹಾ ದಾರಿಯಲ್ಲಿ ಆ ಚಿಂತೆ ಇಲ್ಲ.

ವಿಮಾನದೊಳಗೆ ಸಾಮಾನ್ಯವಾಗಿ 22ರಿಂದ 24 ಡಿಗ್ರಿ ಇರುತ್ತದೆ. ಕೇಳಿದರೆ ಹಿತ ಅನಿಸುತ್ತದೆ. ಆದರೆ ಅಲ್ಲಾಡದೆ ಗಂಟೆಗಟ್ಟಲೆ ಕೂತಾಗ, ನಿದ್ದೆ ಬಂದಾಗ ಮೈ ತಣ್ಣಗಾಗುತ್ತದೆ. ಕಿಟಕಿ ಪಕ್ಕ ಕೂತವರಿಗೆ, ಪಾದಗಳಿಗೆ ಚಳಿ ಇನ್ನೂ ಜಾಸ್ತಿ. ಆಗ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ದೊಡ್ಡ ಶಾಲು. ಹೊದೆಯಬಹುದು, ಕಾಲಿಗೆ ಸುತ್ತಬಹುದು, ಮಗಳು ಮಲಗಿದಾಗ ಅವಳಿಗೆ ಹೊದಿಸಬಹುದು. ಇಳಿದ ಮೇಲೆ ರಾಯಚೂರಿನ ಬಿಸಿಲಿಗೆ ತಲೆಗೂ ಆಗುತ್ತದೆ. ಒಂದೇ ಒಂದು ಬಟ್ಟೆ ಹೆಚ್ಚಿಗೆ ತರಬಹುದು ಎಂದರೆ ನಾನು ಶಾಲನ್ನೇ ಆರಿಸುತ್ತೇನೆ.

ಒಳಗಿನ ಗಾಳಿ ಬಹಳ ಒಣಗಿರುತ್ತದೆ. ತೇವಾಂಶ ಬಹುತೇಕ 20 ಶೇಕಡಕ್ಕಿಂತ ಕಡಿಮೆ. ಟೊರಾಂಟೊ ಚಳಿಗೆ ಮೊದಲೇ ಒಡೆದ ತುಟಿ, ಕೈ ಇನ್ನೂ ಉರಿಯುತ್ತವೆ. ಚಿಕ್ಕ ಡಬ್ಬಿಯಲ್ಲಿ ವ್ಯಾಸಲೀನ್ ಇಟ್ಟುಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕ ಹಾಕಿ.

ಕೆಳಗಿನ ಉಡುಪಿನ ವಿಷಯ ಸ್ವಲ್ಪ ಕಷ್ಟ. ಕಾಲಿಗೆ ಬೆಚ್ಚಗಿನದು ಒಳಗೇ ಇರಬೇಕಾಗುತ್ತದೆ. ನಾನು ಲಾಡಿ ಇರುವ ಸಡಿಲ ಹತ್ತಿ ಪ್ಯಾಂಟ್ ಹಾಕುತ್ತೇನೆ, ಒಳಗೆ ಥರ್ಮಲ್ ಲೆಗ್ಗಿನ್ಸ್. ದುಬೈನಲ್ಲಿ ಇಳಿದ ತಕ್ಷಣ ಶೌಚಾಲಯದಲ್ಲಿ ಲೆಗ್ಗಿನ್ಸ್ ತೆಗೆಯುತ್ತೇನೆ. ವಿಮಾನದ ಶೌಚಾಲಯದಲ್ಲಿ ಈ ಕೆಲಸ ಬೇಡ. ಜಾಗ ಇಕ್ಕಟ್ಟು, ನೆಲ ಒದ್ದೆ, ಹೊರಗೆ ಜನ ಕಾಯುತ್ತಿರುತ್ತಾರೆ. ತೆಗೆದದ್ದನ್ನು ಹಾಕಲು ಬಟ್ಟೆಯ ಚೀಲವೊಂದು ಕೈಚೀಲದ ಮೇಲ್ಭಾಗದಲ್ಲೇ ಇರಲಿ. ಲಾಡಿ ಯಾಕೆಂದರೆ, ಎತ್ತರದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಕಡಿಮೆ ಇರುತ್ತದೆ, 6,000ದಿಂದ 8,000 ಅಡಿ ಬೆಟ್ಟದ ಮೇಲಿರುವಷ್ಟು. ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ಬಿಗಿ ಜೀನ್ಸ್ ಹಾಕಿ ಕೂತವರಿಗೆ ನಡುರಾತ್ರಿ ಹೊಟ್ಟೆ ಉಬ್ಬರದ ಸಂಕಟ.

ಕಾಲೂ ಊದಿಕೊಳ್ಳುತ್ತದೆ. ಶೂ ಸ್ವಲ್ಪ ಸಡಿಲವೇ ಇರಲಿ, ಬಗ್ಗದೆ ಹಾಕಿಕೊಳ್ಳುವಂಥದ್ದು. ಊರಿಗೇ ತಾನೇ ಹೋಗುವುದು ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಡುವವರನ್ನು ನೋಡುತ್ತೇನೆ. ಚಪ್ಪಲಿ ಚೀಲದಲ್ಲಿರಲಿ, ಕಾಲಲ್ಲಿ ಮುಚ್ಚಿದ ಶೂ ಇರಲಿ. ತುರ್ತಾಗಿ ವಿಮಾನದಿಂದ ಇಳಿಯಬೇಕಾಗಿ ಬಂದರೆ ಪಾದ ಉಳಿಸುವುದು ಅದೇ. ಹತ್ತುವಾಗ, ಇಳಿಯುವಾಗ ಶೂ ಬಿಚ್ಚಬೇಡಿ. ಬೆಂಕಿಯ ಬಿಸಿಗೆ ನೈಲಾನ್, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತವೆ. ಹತ್ತಿ, ಉಣ್ಣೆ ಹಾಗೆ ಕರಗುವುದಿಲ್ಲ. ಹತ್ತಿಯ ಮೇಲೆ ಉಣ್ಣೆ ಹಾಕಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಒಂದು ಅಧ್ಯಯನದ ಫಲಿತಾಂಶ ಪ್ರಕಟಿಸಿತು. 4 ಗಂಟೆಗಿಂತ ಹೆಚ್ಚು ಹೊತ್ತು ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ಅದರಲ್ಲಿತ್ತು. ಆರೋಗ್ಯವಂತರಲ್ಲಿ ಸುಮಾರು 6,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು, ಹೆದರಬೇಕಾಗಿಲ್ಲ. ಆದರೂ ನಾನು ಮೊಣಕಾಲ ಕೆಳಗಿನವರೆಗೆ ಬರುವ ಬಿಗಿ ಕಂಪ್ರೆಷನ್ ಸಾಕ್ಸ್ ಹಾಕುತ್ತೇನೆ, ಆಗಾಗ ಎದ್ದು ಓಡಾಡುತ್ತೇನೆ. ಮೀನಖಂಡದ ಅಳತೆ ನೋಡಿಯೇ ಸಾಕ್ಸ್ ಕೊಳ್ಳಬೇಕು. ಬಸುರಿಯರು, ಮೊದಲೇ ಇಂಥ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಡಾಕ್ಟರನ್ನು ಕೇಳದೆ ಹಾಕಬಾರದು.

ಇನ್ನು ಅವ್ವನ ವಿಷಯ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ದೊಡ್ಡ ಪ್ರಶ್ನೆ. "ಸೀರಿ ಬಿಟ್ಟು ಬ್ಯಾರೆ ಏನೂ ಉಡಂಗಿಲ್ಲ ನಾ" ಎಂದು ಅವ್ವ ಮೊದಲೇ ಹೇಳಿದ್ದರು. ಮಕ್ಕಳು ಇಂಥ ಮಾತಿಗೆ ಸುಮ್ನೆ ಜಗಳ ಮಾಡುತ್ತಾರೆ, ಪ್ಯಾಂಟ್ ಹಾಕು ಅಂತ ಒತ್ತಾಯ ಮಾಡುತ್ತಾರೆ. ಬೇಕಾಗಿಲ್ಲ. ಇಂಥ ಪ್ರಯಾಣಕ್ಕೆ ಸೀರೆಯಷ್ಟು ಅನುಕೂಲದ ಉಡುಪು ಇನ್ನೊಂದಿಲ್ಲ ಎಂದು ಅವ್ವನ ಜೊತೆ ಬಂದ ಮೇಲೆ ನನಗೆ ಗಟ್ಟಿಯಾಯಿತು. ಹತ್ತಿ ಹೆಚ್ಚಿರುವ ಹಗುರ ಇಳಕಲ್ ಸೀರೆ, ಹತ್ತಿಯ ಲಂಗ, ಲಂಗದ ಒಳಗೆ ಥರ್ಮಲ್ ಲೆಗ್ಗಿನ್ಸ್. ದುಬೈನಲ್ಲಿ ಸೀರೆಯ ಒಂದು ನೆರಿಗೆಯನ್ನೂ ಬಿಚ್ಚದೆ ಲೆಗ್ಗಿನ್ಸ್ ತೆಗೆಯಬಹುದು. ಪ್ಯಾಂಟ್ ಹಾಕಿದ ನನಗೆ ಅಷ್ಟು ಸುಲಭವಿಲ್ಲ. ಮೇಲೆ ತೋಳು ಉದ್ದದ ಕುಪ್ಪಸ, ಅದರ ಮೇಲೆ ಗುಂಡಿ ಸ್ವೆಟರ್, ಕಿವಿ ಮುಚ್ಚುವಂತೆ ಶಾಲು. ಸ್ವೆಟರ್ ರಾಯಚೂರಿನಲ್ಲೇ ಕೊಂಡದ್ದು. ಚಳಿಗಾಲದಲ್ಲಿ ನಮ್ಮ ಕಡೆಯ ಊರುಗಳಿಗೆ ಟಿಬೆಟಿನವರು ಉಣ್ಣೆ ಬಟ್ಟೆ ಮಾರಲು ಬರುತ್ತಾರಲ್ಲ, ಅವರಲ್ಲಿ. ಸೀರೆಯನ್ನು ಒಂದು ಬೆರಳು ಮೇಲಕ್ಕೆ ಉಡಿಸಬೇಕು. ಎಸ್ಕಲೇಟರಿನಲ್ಲಿ ಅಂಚು ಸಿಕ್ಕುವ ಅಪಾಯ ಇರುತ್ತದೆ. ಎಲ್ಲಾ ಕಡೆ ಲಿಫ್ಟ್ ಇರುತ್ತದೆ, ಅವ್ವನಿಗೆ ನಾನು ಅದನ್ನೇ ಹುಡುಕುತ್ತೇನೆ. ಪಿನ್ನು ಕಡಿಮೆ ಇರಲಿ, ಸೆಕ್ಯೂರಿಟಿಯಲ್ಲಿ ಕೂಗುವ ಯಂತ್ರಕ್ಕೆ ಅವರು ಗಾಬರಿಯಾಗುತ್ತಾರೆ. ಮನೆಯಿಂದ ಕೌದಿ ತರುತ್ತೇನೆ ಎಂದು ಹಟ ಮಾಡಿದರೆ ಬೇಡ ಅನ್ನಬೇಡಿ. ಚಿಕ್ಕದೊಂದು ಕೌದಿ ಮಡಚಿ ಕೊಟ್ಟರೆ ವಯಸ್ಸಾದವರು ವಿಮಾನದಲ್ಲಿ ನೆಮ್ಮದಿಯಾಗಿ ಮಲಗುತ್ತಾರೆ.

ಚಿಕ್ಕ ಮಕ್ಕಳಿದ್ದರೆ ಒಂದು ಮಾತು ಮರೆಯಬೇಡಿ. ಕಾರಿನ ಮಕ್ಕಳ ಸೀಟಿನಲ್ಲಿ ದಪ್ಪ ಜಾಕೆಟ್ ಹಾಕಿ ಪಟ್ಟಿ ಬಿಗಿಯಬಾರದು. ಬಿಗಿಯಾಗಿದೆ ಅನಿಸುತ್ತದೆ. ಅಪಘಾತದಲ್ಲಿ ಜಾಕೆಟ್ ಒಳಕ್ಕೆ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ತೆಳು ಬಟ್ಟೆಯಲ್ಲಿ ಪಟ್ಟಿ ಕಟ್ಟಿ, ಮೇಲಿನಿಂದ ಹೊದಿಕೆ ಹಾಕಿ. ಕೈಚೀಲದಲ್ಲಿ ಮಗುವಿಗೆ ಮಾತ್ರವಲ್ಲ, ನಿಮಗೂ ಒಂದು ಜೊತೆ ಬಟ್ಟೆ ಇರಲಿ. ಮಗು ಜ್ಯೂಸ್ ಚೆಲ್ಲುವುದು ನಿಮ್ಮ ಮೈಮೇಲೆ.

ಹೈದರಾಬಾದಿಗೆ ಗಲ್ಫ್ ವಿಮಾನಗಳು ಹೆಚ್ಚಾಗಿ ನಸುಕಿನಲ್ಲಿ ಇಳಿಯುತ್ತವೆ. ಜನವರಿಯ ಆ ಹೊತ್ತಿನಲ್ಲಿ ಶಂಶಾಬಾದ್ ವಿಮಾನ ನಿಲ್ದಾಣದ ಹೊರಗೆ ಸಣ್ಣ ಚಳಿ ಇರುತ್ತದೆ, ಶಾಲು ಸಾಕು. ಅಲ್ಲಿಂದ ಜಡ್ಚರ್ಲಾ, ಮೆಹಬೂಬ್‌ನಗರ, ಮಕ್ತಲ್ ದಾಟಿ ಬರುವಷ್ಟರಲ್ಲಿ ಹೊತ್ತು ಏರಿರುತ್ತದೆ. ಕೃಷ್ಣಾ ಸೇತುವೆ ದಾಟಿ ಶಕ್ತಿನಗರದ ಚಿಮಣಿಗಳು ಕಾಣುವಾಗ ನಾನು ಬರೀ ಕುರ್ತಾದಲ್ಲಿರುತ್ತೇನೆ, ಕಾಲಲ್ಲಿ ಚಪ್ಪಲಿ ಬಂದಿರುತ್ತದೆ. ಮಧ್ಯಾಹ್ನಕ್ಕೆ ರಾಯಚೂರಿನಲ್ಲಿ 30 ಡಿಗ್ರಿ. ಮಾರ್ಚಿನಲ್ಲಿ ಬರುವವರಿಗೆ ನಸುಕಿನ ಚಳಿಗೆ ಈ ಶಾಲೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುತ್ತದೆ.

ಬಟ್ಟೆ ಬದಲಾದ ತಕ್ಷಣ ಮೈ ಬದಲಾಗುವುದಿಲ್ಲ. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಹುಟ್ಟಿದ ಊರೇ ಆದರೂ ಅಷ್ಟೇ. ಎಳ್ಳು ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲಿ, ಬಯಲಲ್ಲಿ ಕೂತು ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ತಿನ್ನುವ ಸುಖಕ್ಕೇ ನಾನು ಅಷ್ಟು ದೂರದಿಂದ ಬರುವುದು. ಆ ದಿನ ತೋಳು ಮುಚ್ಚುವ ತಿಳಿ ಬಣ್ಣದ ಹತ್ತಿ ಬಟ್ಟೆ, ತಲೆಯ ಮೇಲೆ ಅದೇ ಶಾಲು, ಕೈಯಲ್ಲಿ ನೀರಿನ ಬಾಟಲಿ. ನಡುಮಧ್ಯಾಹ್ನ ಗಿಡದ ನೆರಳು ಬಿಟ್ಟು ಏಳುವುದಿಲ್ಲ.

ಡೌನ್ ಜಾಕೆಟನ್ನು ಅದರ ಚಿಕ್ಕ ಚೀಲದಲ್ಲೇ ರಜೆ ಮುಗಿಯುವವರೆಗೆ ಬಿಡಬೇಡಿ. ಬಹಳ ದಿನ ಅದುಮಿಟ್ಟರೆ ಒಳಗಿನ ಪುಕ್ಕ ಮೊದಲಿನಷ್ಟು ಉಬ್ಬುವುದಿಲ್ಲ, ಬಿಸುಪು ಕಡಿಮೆಯಾಗುತ್ತದೆ. ನಾನು ಬಂದ ದಿನವೇ ಕೊಡವಿ, ನೆರಳಲ್ಲಿ ಗಾಳಿಗೆ ಹಾಕಿ, ಹಳೇ ಹತ್ತಿ ಸೀರೆ ಸುತ್ತಿ ಬೀರುವಿನಲ್ಲಿ ತೂಗು ಹಾಕುತ್ತೇನೆ. ನಮ್ಮೂರ ಧೂಳು ಅದಕ್ಕೆ ತಾಗಬಾರದು.

ವಾಪಸ್ ಹೊರಡುವಾಗ ಎಲ್ಲ ತಿರುಗಾಮುರುಗಾ. ರಾಯಚೂರಿನ ಬಿಸಿಲಲ್ಲಿ ಜಾಕೆಟ್ ನೋಡಿದರೇ ಸೆಕೆ. ಹಾಗಾಗಿ ಬಹಳ ಜನ ಅದನ್ನು ದೊಡ್ಡ ಸೂಟ್‌ಕೇಸಿಗೆ ತುರುಕುತ್ತಾರೆ. ಅದು ಬೇಡವೇ ಬೇಡ. ಸೂಟ್‌ಕೇಸ್ ದುಬೈನಲ್ಲೇ ಉಳಿದರೆ ಟೊರಾಂಟೊದಲ್ಲಿ ಬರೀ ಕುರ್ತಾದಲ್ಲಿ ಹೊರಗೆ ಕಾಲಿಡಬೇಕಾಗುತ್ತದೆ. ಜಾಕೆಟ್, ಥರ್ಮಲ್ ಲೆಗ್ಗಿನ್ಸ್, ಉಣ್ಣೆ ಸಾಕ್ಸ್ ಕೈಚೀಲದಲ್ಲೇ ಬರಲಿ. ಲೆಗ್ಗಿನ್ಸನ್ನು ದುಬೈನಲ್ಲಿ ವಿಮಾನ ಹತ್ತುವ ಮೊದಲು ಹಾಕಿಕೊಳ್ಳಿ. ಜಾಕೆಟಿನ ಎರಡು ಜೇಬಿನಲ್ಲೂ ಕೈಗವಸು, ಟೋಪಿ ಇವೆಯೇ ಎಂದು ರಾಯಚೂರಿನ ಮನೆ ಬಿಡುವ ಮುಂಚೆ ಮುಟ್ಟಿ ನೋಡಿ.