ಆಪ್ಟ್‌ಗೆ ಪ್ಯಾಚ್ ಬರೆಯುವ ಮೊದಲು

ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ತಂತ್ರಾಂಶದ ಪ್ಯಾಕೇಜ್‌ಗಳನ್ನು ಹಾಕುವ, ತೆಗೆಯುವ ಸಾಧನ ಆಪ್ಟ್. ಅದರ ಮೇಲೆ ದೂರು ಬಂತೆಂದು ಕೂಡಲೇ ಅದರ ಸಿ++ ಕೋಡ್ ತೆರೆಯಬೇಡಿ. ಹಾಗೆ ಮಾಡಿ ಮೂರು ರಾತ್ರಿ ಕಳೆದುಕೊಂಡವನು ನಾನು. 'ಹೊಸ ಆವೃತ್ತಿ 2.0 ಬಂದಿದೆ, ಆಪ್ಟ್ ಮಾತ್ರ 1.4 ಬಿಡ್ತಾ ಇಲ್ಲ' ಎಂದಿದ್ದರು ಒಬ್ಬರು. ಕೊನೆಗೆ ನೋಡಿದರೆ ಅವರಲ್ಲಿದ್ದದ್ದು 1.4 ಅಲ್ಲ, 1:1.4. ಆ ಕೋಲನ್‌ನ ಎಡಗಡೆಯ 1 ಇದೆಯಲ್ಲ, ಅದು ಎಪಾಕ್, ಹೋಲಿಕೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡುವ ಅಂಕೆ. ಅದರ ಮುಂದೆ 2.0 ಏನು, 200 ಕೂಡ ಹಳೆಯದೇ. ಹೊರಗಿನ ಯಾವುದೋ ರೆಪೊದಿಂದ (ಪ್ಯಾಕೇಜ್ ಭಂಡಾರದಿಂದ) ಹಾಕಿಕೊಂಡಿದ್ದ ಪ್ಯಾಕೇಜ್ ಅದು. ಆಪ್ಟ್‌ನ ತಪ್ಪು ಸೊನ್ನೆ.

ಅಂದಿನಿಂದ ಮೊದಲು ಕೇಳುವುದು ಎರಡೇ: 'ಆಪ್ಟ್-ಕ್ಯಾಶ್ ಪಾಲಿಸಿ' ಮತ್ತು 'ಆಪ್ಟ್-ಮಾರ್ಕ್ ಶೋಹೋಲ್ಡ್' ಏನು ಹೇಳುತ್ತವೆ? ಪಾಲಿಸಿ ತೋರಿಸುವ ಆದ್ಯತೆ ಸಾಮಾನ್ಯ ರೆಪೊಗೆ 500, ಬ್ಯಾಕ್‌ಪೋರ್ಟ್ಸ್‌ಗೆ (ಹಳೆಯ ಡೆಬಿಯನ್‌ಗೆಂದು ಮರುಕಟ್ಟಿದ ಹೊಸ ಪ್ಯಾಕೇಜ್‌ಗಳ ರೆಪೊಗೆ) 100. ಪಿನ್ ಮಾಡಿ (ಆದ್ಯತೆಯನ್ನು ತಾವೇ ಬದಲಿಸಿ) ಮರೆತವರು, ಹೋಲ್ಡ್ ಇಟ್ಟು (ಆವೃತ್ತಿ ಬದಲಾಗದಂತೆ ತಡೆದು) ಮರೆತವರು ಇಲ್ಲೇ ಸಿಕ್ಕಿಬೀಳುತ್ತಾರೆ. ಆವೃತ್ತಿಯ ಅನುಮಾನವಿದ್ದರೆ ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿ ಇದೆ, 'ಡಿಪಿಕೆಜಿ --ಕಂಪೇರ್-ವರ್ಷನ್ಸ್' ತೀರ್ಪು ಕೊಡುತ್ತದೆ. 2.0~ಆರ್‌ಸಿ1 (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಎಂಬುದು 2.0ಕ್ಕಿಂತ ಹಳೆಯದು ಎಂಬುದೂ ಅದಕ್ಕೆ ಗೊತ್ತು.

ಇಷ್ಟು ಜರಡಿ ಹಿಡಿದ ಮೇಲೂ ದೂರು ಉಳಿದರೆ ಅದು ನಿಜವಾದ ಬಗ್ ಇರಬಹುದು. ಈಗ ದೂರು ಕೊಟ್ಟವರ ಯಂತ್ರದ ಸ್ಥಿತಿ ನಿಮಗೆ ಬೇಕು. /ವಾರ್/ಲಿಬ್/ಡಿಪಿಕೆಜಿ ಒಳಗಿನ 'ಸ್ಟೇಟಸ್' ಫೈಲ್ ಸಾಲದು. ಆಟೋರಿಮೂವ್ (ಇನ್ನು ಯಾರಿಗೂ ಬೇಡವಾದ ಅವಲಂಬನೆಗಳನ್ನು ತೆಗೆಯುವ ಆದೇಶ) ಕೀಳಬಾರದ್ದನ್ನು ಕಿತ್ತಿತು ಎನ್ನುವ ದೂರಾದರೆ /ವಾರ್/ಲಿಬ್/ಆಪ್ಟ್ ಒಳಗಿನ 'ಎಕ್ಸ್‌ಟೆಂಡೆಡ್_ಸ್ಟೇಟ್ಸ್' ಕೂಡ ಬೇಕು. ಯಾವುದನ್ನು ಜನರೇ ಹಾಕಿದರು, ಯಾವುದು ಅವಲಂಬನೆಯಾಗಿ ತಾನಾಗಿ ಬಂತು ಎಂಬ ಲೆಕ್ಕ ಇರುವುದು ಅಲ್ಲಿ. ಆದರೆ ಒಬ್ಬರ ಯಂತ್ರದಲ್ಲಿ ಏನೇನಿದೆ ಎಂಬುದು ಅವರ ಮನೆಯ ವಿಷಯ. ಬಗ್ ಟ್ರ್ಯಾಕರ್‌ಗೆ ಹಾಕಿಸಬೇಡಿ, ಖಾಸಗಿಯಾಗಿ ತರಿಸಿಕೊಳ್ಳಿ.

ಪ್ರಯೋಗ ನಿಮ್ಮ ಯಂತ್ರದಲ್ಲಿ ಬೇಡ, ಕಂಟೇನರ್‌ನಲ್ಲಿ (ಯಂತ್ರದೊಳಗಿನ ಪ್ರತ್ಯೇಕ ಪುಟ್ಟ ವ್ಯವಸ್ಥೆಯಲ್ಲಿ) ಮಾಡಿ. ಅಲ್ಲೂ '-ಎಸ್' ಕೊಟ್ಟರೆ ಆಪ್ಟ್ ಮಾಡುವಂತೆ ನಟಿಸುತ್ತದೆ ಅಷ್ಟೆ. ಒಮ್ಮೆ ಟರ್ಮಿನಲ್ ಕಿಟಕಿ ತಪ್ಪಿ ನನ್ನದೇ ಡೆಸ್ಕ್‌ಟಾಪ್ ಕಿತ್ತುಹಾಕಿಕೊಂಡಿದ್ದೇನೆ.

ಬಗ್ ನಿಮ್ಮೆದುರು ಮರುಕಳಿಸಿತೇ? ಅದನ್ನು ಕುಗ್ಗಿಸಿ. ಎರಡು ಸಾವಿರ ಪ್ಯಾಕೇಜ್‌ಗಳ ಗೋಜಲಿನಲ್ಲಿ ನಿಜವಾಗಿ ಜಗಳವಾಡುತ್ತಿರುವುದು ಮೂರೋ ನಾಲ್ಕೋ. ಆಪ್ಟ್ ಕೋಡ್‌ನ ಟೆಸ್ಟ್/ಇಂಟಿಗ್ರೇಷನ್ ಫೋಲ್ಡರ್‌ನಲ್ಲಿರುವ ಟೆಸ್ಟ್‌ಗಳು ಶೆಲ್ ಸ್ಕ್ರಿಪ್ಟ್‌ಗಳೇ. 'ಇನ್ಸರ್ಟ್‌ಪ್ಯಾಕೇಜ್' ಎಂದು ಒಂದು ಸಾಲು ಬರೆದರೆ ಒಂದು ಹುಸಿ ಪ್ಯಾಕೇಜ್ ಹುಟ್ಟುತ್ತದೆ. ನಾಲ್ಕು ಸಾಲಿನಲ್ಲಿ ಅವರ ಇಡೀ ಸಂಕಟ ಕಟ್ಟಿಕೊಟ್ಟು, ಟೆಸ್ಟ್ ಫೇಲ್ ಆಗುವುದನ್ನು ಕಣ್ಣಾರೆ ನೋಡಿ. ಮುಕ್ಕಾಲು ಕೆಲಸ ಇದೇ. ನನಗೆ ಅತಿ ಇಷ್ಟದ ಕೆಲಸವೂ ಇದೇ.

ಹಿಂದೆ ಸರಿಯಿತ್ತು ಎಂದಾದರೆ 'ಗಿಟ್ ಬೈಸೆಕ್ಟ್ ರನ್'. ಕೋಡ್‌ನ ದಾಖಲಾದ ಬದಲಾವಣೆಗಳನ್ನು (ಕಮಿಟ್‌ಗಳನ್ನು) ಅರ್ಧರ್ಧ ಮಾಡುತ್ತಾ ಬಗ್ ತಂದದ್ದು ಯಾವುದೆಂದು ಅದು ಹುಡುಕುತ್ತದೆ. ಸಾವಿರ ಕಮಿಟ್‌ಗಳಿದ್ದರೂ ಸುಮಾರು ಹತ್ತು ಹೆಜ್ಜೆ. ಬಿಲ್ಡ್ ಆಗದ ಕಮಿಟ್‌ಗೆ ನಿಮ್ಮ ಸ್ಕ್ರಿಪ್ಟ್ 125 ಹಿಂತಿರುಗಿಸಲಿ, ಗಿಟ್ ಅದನ್ನು ದಾಟಿ ಹೋಗುತ್ತದೆ. ಹೊಸ ಟೆಸ್ಟನ್ನು ಮಾತ್ರ ಈಗಲೇ ಕಮಿಟ್ ಮಾಡಬೇಡಿ. ಮಾಡಿದರೆ ಹಳೆಯ ಕಮಿಟ್‌ಗೆ ಹೋದಾಗ ಅದೂ ಮಾಯವಾಗುತ್ತದೆ.

ತಿದ್ದುವುದು ಸಾಮಾನ್ಯವಾಗಿ ಐದಾರು ಸಾಲು. ಪಕ್ಕದ ಕೋಡ್ ಕೊಳಕಾಗಿ ಕಂಡರೂ ಅದೇ ಪ್ಯಾಚ್‌ನಲ್ಲಿ ಕೈಹಾಕಬೇಡಿ. ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) 'ಕ್ಲೋಸಸ್:' ಎಂದು ಬಗ್ ಸಂಖ್ಯೆ ಬರೆದರೆ, ಅಪ್‌ಲೋಡ್ ಆದಾಗ ಬಗ್ ತಾನೇ ಮುಚ್ಚಿಕೊಳ್ಳುತ್ತದೆ. ಆಮೇಲೆ ದೂರು ಕೊಟ್ಟವರಿಗೆ ಎರಡು ಸಾಲು ಬರೆಯುತ್ತೇನೆ, ಅವರ ಫೈಲ್‌ಗಳನ್ನು ನನ್ನ ಡಿಸ್ಕ್‌ನಿಂದ ಅಳಿಸುತ್ತೇನೆ.